ಬಾಗಿಲ ಮೇಲಿನ ಹಾಳೆ

ನಮ್ಮ ಬಲ್ಗೇರಿಯಾದ ಲಿಪೊವೆನ್ ಪಟ್ಟಣದಲ್ಲಿ ಯಾರ ಮನೆಗೆ ಬೇಕಾದರೂ ಹೋಗಿ, ಗೋಡೆಯ ಮೇಲಿನ ಬಿಳಿ ಪ್ಲಗ್ ಸಾಕೆಟ್ಟನ್ನು ಬಿಚ್ಚಿ ನೋಡಿ. ಹಳೆಯದಾದರೆ ಅದು ವೆಲಿಕಾಳ ಕೈಯಿಂದಲೋ ಅವಳ ಪಕ್ಕದ ಕುರ್ಚಿಯ ಯೊಂಕಾಳ ಕೈಯಿಂದಲೋ ಹೊರಬಿದ್ದಿರುತ್ತದೆ. ಎರಡು ಹಿತ್ತಾಳೆ ಪಟ್ಟಿ, ಒಂದು ಸ್ಪ್ರಿಂಗು, ನಾಲ್ಕು ಸ್ಕ್ರೂ. ಕಣ್ಣಿಲ್ಲದವರಿಗೆಂದೇ ಇದ್ದ ಕಾರ್ಖಾನೆಯ ಎರಡನೇ ಸಾಲಿನ ಮೇಜಿನಲ್ಲಿ ಇಬ್ಬರೂ ಮೂವತ್ತೊಂದು ವರ್ಷ ಅಕ್ಕಪಕ್ಕ ಕೂತಿದ್ದರು. ಊರಿನ ಜನ ರೇಡಿಯೊ ಹಚ್ಚುವಾಗ, ಕಾಫಿ ಕಾಯಿಸುವಾಗ ಇವರನ್ನು ನೆನೆದದ್ದಿಲ್ಲ. ನೆನೆಯಲಿ ಎಂದು ಇವರು ಕಾದದ್ದೂ ಇಲ್ಲ.

ವೆಲಿಕಾ ಹುಟ್ಟು ಕುರುಡಿ. ಏಳನೇ ವಯಸ್ಸಿಗೆ ದೂರದ ಅಂಧರ ಶಾಲೆಗೆ ಹೋದವಳು ಹತ್ತೊಂಬತ್ತಕ್ಕೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಲಿಪೊವೆನ್‌ಗೆ ಬಂದಿಳಿದಳು. ಕಾರ್ಖಾನೆಯ ಪಕ್ಕದಲ್ಲೇ ಕೆಲಸಗಾರರಿಗೆಂದು ಕಟ್ಟಿದ ಆರು ಅಂತಸ್ತಿನ ಕಟ್ಟಡದಲ್ಲಿ ಒಂದು ಮನೆ ಸಿಕ್ಕಿತು. ಮದುವೆಯಾಯಿತು, ಗಂಡ ಬೇಗ ತೀರಿಹೋದ, ಮಕ್ಕಳಾಗಲಿಲ್ಲ. ಇದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ, ಯಾರಾದರೂ ಅಯ್ಯೋ ಪಾಪ ಎಂದರೆ ಸಿಟ್ಟಾಗುತ್ತಾಳೆ. ಈಗ ಅವಳಿಗೆ ಅರವತ್ತೆರಡು.

ಯೊಂಕಾ ಅದೇ ಕಟ್ಟಡದ ಮೂರನೇ ಅಂತಸ್ತಿನವಳು. ಅವಳಿಗೆ ಬಲಗಣ್ಣಿನಲ್ಲಿ ಹತ್ತರಲ್ಲೊಂದು ಪಾಲು ದೃಷ್ಟಿಯಿತ್ತು. ನಮ್ಮ ನಿಮ್ಮ ಲೆಕ್ಕದಲ್ಲಿ ಅದೇನೂ ದೃಷ್ಟಿಯಲ್ಲ. ಆದರೆ ಆ ಕಟ್ಟಡದಲ್ಲಿ ಅಷ್ಟೇ ಸಾಕಾಗಿ, ಅವಳು ಎಲ್ಲರ ಕಣ್ಣಾಗಿಬಿಟ್ಟಳು. ವಿದ್ಯುತ್ ಬಿಲ್ಲು, ಔಷಧಿ ಚೀಟಿ, ಎಲ್ಲಕ್ಕಿಂತ ಹೆಚ್ಚಾಗಿ ಸಾವಿನ ಹಾಳೆ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನ ಒಂದು ಹಾಳೆ ಅಚ್ಚಾಗುತ್ತದೆ. ಮೇಲೆ ಫೋಟೊ, ಕೆಳಗೆ ಹೆಸರು, ಮಣ್ಣು ಮಾಡುವ ಹೊತ್ತು, ಜಾಗ. ಅದನ್ನು ಸತ್ತವರ ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ವಿದ್ಯುತ್ ಕಂಬಕ್ಕೆ ಅಂಟಿಸುತ್ತಾರೆ. ಯಾರೂ ಯಾರಿಗೂ ಫೋನು ಮಾಡಿ ಹೇಳುವುದಿಲ್ಲ. ಊರೇ ಓದಿಕೊಳ್ಳುತ್ತದೆ. ನಲವತ್ತನೇ ದಿನಕ್ಕೆ ಮತ್ತೊಂದು ಹಾಳೆ, ಆರು ತಿಂಗಳಿಗೆ ಇನ್ನೊಂದು, ವರ್ಷಕ್ಕೊಂದು.

ಯೊಂಕಾ ಬಾಗಿಲ ಹಾಳೆಗೆ ಮೂಗು ತಾಗಿಸಿ, ಕಾಲು ಗಂಟೆ ಹಿಡಿದು ಅಕ್ಷರ ಬಿಡಿಸಿ, ಮನೆಗೆ ಬಂದು ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದಳು. ಬರೀ ಹೊತ್ತು ಜಾಗ ಹೇಳಿ ಇಡುವ ಪೈಕಿಯಲ್ಲ ಅವಳು.

"ವೆಲಿಕಾ, ನಾಲ್ಕನೇ ನಂಬರಿನ ಸ್ಟಾನ್ಯೊ ಹೋದ ಕಣೇ. ಫೋಟೊದಲ್ಲಿ ಟೈ ಕಟ್ಕೊಂಡು ಬಿಗೀತಾ ಇದಾನೆ. ಮದುವೇಲೂ ಕಟ್ಟಿರ್ಲಿಲ್ಲ ಆಸಾಮಿ."

"ಮುಖ ಹೆಂಗಿದೆ?"

"ಹೆಂಡ್ತಿ ಲೆಕ್ಕ ಕೇಳ್ತಾ ಇದ್ರೆ ಹೆಂಗಿರತ್ತೆ, ಹಂಗೆ. ಹುಬ್ಬು ಮಾತ್ರ ಪೊದೆ ಪೊದೆ. ನಾಳೆ ಒಂದು ಗಂಟೆಗೆ, ಹಳೇ ಸ್ಮಶಾನ."

ಹೀಗೆ ವೆಲಿಕಾ ಊರಿನ ಅರ್ಧ ಜನರ ಮುಖವನ್ನು ಅವರು ಸತ್ತ ಮೇಲೆ ತಿಳಿದುಕೊಂಡಳು.

ಕಾಲ ಕಳೆದಂತೆ ಕಾರ್ಖಾನೆ ಮುಚ್ಚಿತು. ಅಂಧರ ಸಂಘದ ಕೊಠಡಿಯ ಸೂರು ಸೋರಿ ಅದಕ್ಕೂ ಬೀಗ ಬಿತ್ತು. ಎರಡನೇ ಸಾಲಿನವರು ಮಕ್ಕಳ ಮನೆಗೋ ಹಳ್ಳಿಗೋ ಚದುರಿಹೋದರು, ಖಾಲಿ ಮನೆಗಳಿಗೆ ಕಣ್ಣಿರುವವರು ಬಂದು ತುಂಬಿಕೊಂಡರು. ವೆಲಿಕಾಳ ಹತ್ತಿರ ನಾಲ್ಕು ಜನರ ನಂಬರು ಉಳಿದಿತ್ತು. ಮಿಕ್ಕವರ ನಂಬರು ಯೊಂಕಾಳ ತಲೆಯಲ್ಲಿತ್ತು. ಕಳೆದ ವಸಂತದಲ್ಲಿ ಯೊಂಕಾ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಮಗಳು ಮಿರೆಲಾ ಅವಳನ್ನು ರೈಲು ನಿಲ್ದಾಣದ ಬಳಿಯ ತನ್ನ ಮನೆಗೆ ಕರೆದೊಯ್ದಳು. ಆಮೇಲೆ ಗೆಳತಿಯರ ಮಾತು ಭಾನುವಾರದ ಕಾಫಿಯ ಹೊತ್ತಿಗೆ ಫೋನಿನಲ್ಲಿ ನಡೆಯುತ್ತಿತ್ತು. ಮಿರೆಲಾ ಹೊರಗೆ ಕಂಡ ಹಾಳೆಗಳ ಸುದ್ದಿ ತಾಯಿಗೆ ಹೇಳುತ್ತಿದ್ದಳು, ತಾಯಿ ಅದನ್ನು ವೆಲಿಕಾಗೆ ದಾಟಿಸುತ್ತಿದ್ದಳು.

ವೆಲಿಕಾ ಐವತ್ತು ದಾಟಿದ ಮೇಲೆ ಕಂಪ್ಯೂಟರು ಕಲಿತವಳು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ದನಿಯೊಂದು ಅದರೊಳಗಿದೆ. ಅದಕ್ಕೆ ಅವಳು ಬಾಯಿಬಡುಕ ಎಂದು ಹೆಸರಿಟ್ಟಿದ್ದಾಳೆ. ಕೊಟ್ಟ ಅಕ್ಷರವನ್ನೆಲ್ಲ ಒದರುವುದು ಅವನ ಕೆಲಸ, ಅಕ್ಷರವೇ ಇಲ್ಲದಿದ್ದರೆ ಅವನಾದರೂ ಏನು ಮಾಡಿಯಾನು? ಪುರಸಭೆಯ ಜಾಲತಾಣದಲ್ಲಿ ನೀರು ನಿಲ್ಲಿಸುವ ಸೂಚನೆ, ಬಸ್ಸಿನ ಹೊತ್ತು, ಸಾವಿನ ಹಾಳೆ ಎಲ್ಲ ಬರುತ್ತವೆ. ದಿನಾ ಬೆಳಿಗ್ಗೆ ಅದನ್ನು ತೆರೆಯುವುದು ಅವಳ ರೂಢಿ. ಬಸ್ಸಿನ ಹೊತ್ತನ್ನು ಬಾಯಿಬಡುಕ ಓದುತ್ತಿದ್ದ. ಮಿಕ್ಕ ಕಡೆಯಲ್ಲೆಲ್ಲ "ಚಿತ್ರ" ಎಂದು ಸುಮ್ಮನಾಗುತ್ತಿದ್ದ. ವೆಲಿಕಾ ಅದನ್ನು ದೊಡ್ಡದು ಮಾಡಲಿಲ್ಲ, ಯೊಂಕಾ ಇದ್ದಳಲ್ಲ.

ಸೆಪ್ಟೆಂಬರಿನ ಒಂದು ಬುಧವಾರ ಬೆಳಿಗ್ಗೆ ವೆಲಿಕಾ ಬ್ರೆಡ್ಡಿಗೆಂದು ಹೊರಟಳು. ಕಟ್ಟಡದ ದೊಡ್ಡ ಬಾಗಿಲನ್ನು ತಳ್ಳುವಾಗ ಅಂಗೈಗೆ ಒದ್ದೆ ಕಾಗದ ತಾಗಿತು. ಅಂಟು ಇನ್ನೂ ಹಸಿ. ನೀರು ನಿಲ್ಲಿಸುತ್ತಾರೇನೋ ಎಂದುಕೊಂಡು ಕೈಯನ್ನು ಕೋಟಿಗೆ ಒರೆಸಿಕೊಂಡಳು. ವಾಪಸು ಬಂದು, ಎರಡು ಬಕೆಟ್ ತುಂಬಿಸಿಟ್ಟು, ಖಾತ್ರಿ ಮಾಡಿಕೊಳ್ಳೋಣವೆಂದು ಜಾಲತಾಣ ತೆರೆದಳು.

"ಚಿತ್ರ ಇನ್ನೂರ ಹದಿನೆಂಟು. ಚಿತ್ರ ಇನ್ನೂರ ಹತ್ತೊಂಬತ್ತು. ಚಿತ್ರ ಇನ್ನೂರ ಇಪ್ಪತ್ತು," ಎಂದ ಬಾಯಿಬಡುಕ.

ನೀರೇನೂ ನಿಲ್ಲಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ ಅವಳು ಅದೇ ಬಾಗಿಲಲ್ಲಿ ಹೋದಳು, ಬಂದಳು. ಭಾನುವಾರ ಕಾಫಿ ಕಾಯಿಸಿಕೊಂಡು ಯೊಂಕಾಗೆ ಫೋನು ಮಾಡಿದಳು. ಎತ್ತಿದ್ದು ಮಿರೆಲಾ.

"ಎಲ್ಲೇ ನಿಮ್ಮಮ್ಮ? ಮಲಗಿದಾಳಾ ಇನ್ನೂ, ಸೋಮಾರಿ?"



"ವೆಲಿಕಾ ಆಂಟೀ... ಅಮ್ಮ ಮಂಗಳವಾರ ಹೋದ್ಲು. ಗುರುವಾರ ಮಣ್ಣು ಮಾಡಿದ್ವಿ. ನೀವ್ ಯಾಕೆ ಬರ್ಲಿಲ್ಲ ಅಂತ ನಾನು... ನಿಮ್ ಬಾಗಿಲಿಗೇ ಅಂಟಿಸಿದ್ನಲ್ಲ ಹಾಳೆ? ಅಮ್ಮನ ಸ್ವಂತ ಮನೆ ಅಲ್ವಾ ಅಂತ ಮೊದಲು ಅಲ್ಲಿಗೇ ಅಂಟಿಸಿದ್ದು."

ವೆಲಿಕಾ ಫೋನಿಟ್ಟು ಕೆಳಗಿಳಿದು ಹೋದಳು. ಬಾಗಿಲನ್ನು ಮೇಲಿನಿಂದ ಕೆಳಕ್ಕೆ ತಡವಿದಳು. ಹಾಳೆ ಅಲ್ಲೇ ಇತ್ತು, ಒಣಗಿ ಗರಿಗರಿಯಾಗಿತ್ತು. ಅಕ್ಷರಗಳಿಗೆ ಉಬ್ಬಿಲ್ಲ, ಫೋಟೊಗೆ ಮುಖವಿಲ್ಲ. ಅವಳು ಅದರ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತಳು.

ಬಾಗಿಲ ಪಕ್ಕದ ಬೆಂಚಿನ ಮೇಲೆ ಗೆಂಕೊ ಕೂತಿದ್ದ. ನಿವೃತ್ತ ಬಸ್ ಡ್ರೈವರು, ಕೆಳಗಿನ ಮನೆಯವನು, ಕಣ್ಣು ಚೆನ್ನಾಗಿರುವವನು. ಕಟ್ಟಡಕ್ಕೆ ಯಾರು ಬಂದರು ಯಾರು ಹೋದರು ಎಂಬುದು ಅವನಿಗೆ ತಪ್ಪುವುದಿಲ್ಲ.

"ಗೆಂಕೊ, ನಾನು ಹೋಗೋದು ಬರೋದು ನೋಡ್ತಿದ್ದೆ ತಾನೇ ನೀನು?"

"ನೋಡ್ತಿದ್ದೆ."

"ಮತ್ತೆ ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?"

ಗೆಂಕೊ ಸಿಗರೇಟು ಆರಿಸಿದ. "ಬುಧವಾರ ನೀನು ಹಾಳೆ ಮುಟ್ಟಿದೆ, ಕೈ ಒರೆಸ್ಕೊಂಡೆ, ನಡೆದುಬಿಟ್ಟೆ. ನಿಮ್ಮಿಬ್ಬರ ಮಧ್ಯೆ ಏನೋ ಜಗಳ ಆಗಿರ್ಬೇಕು, ಸತ್ತ ಮೇಲೂ ಮುನಿಸು ಬಿಟ್ಟಿಲ್ಲ ಅಂದ್ಕೊಂಡೆ ತಾಯಿ. ಹೆಂಗಸರ ಜಗಳದಲ್ಲಿ ನನಗೇನು ಕೆಲಸ? ನಿನಗೆ ಕಾಣಲ್ಲ ಅನ್ನೋದೇ ಮರೆತೋಯ್ತು. ಹತ್ತು ವರ್ಷದಿಂದ ದಿನಾ ನೋಡಿ ನೋಡಿ ಮರೆತೇಹೋಗಿದೆ."

ವೆಲಿಕಾ ಬಾಗಿಲು ತಳ್ಳಿ ಮೇಲಕ್ಕೆ ಹೋದಳು.

ಸಂಜೆ ತನ್ನ ಹತ್ತಿರವಿದ್ದ ನಾಲ್ಕು ನಂಬರಿಗೂ ಫೋನು ಮಾಡಿದಳು. ನಾಲ್ವರಿಗೂ ಗೊತ್ತಿರಲಿಲ್ಲ. ಆಗ ಅವಳಿಗೆ ಹೊಳೆದದ್ದು ಇಷ್ಟು: ಮೂವತ್ತೊಂದು ವರ್ಷ ಎಲ್ಲರ ಸಾವನ್ನೂ ಎಲ್ಲರಿಗೂ ಓದಿ ಹೇಳಿದವಳ ಸಾವನ್ನು ಓದಿ ಹೇಳುವವರು ಯಾರೂ ಉಳಿದಿರಲಿಲ್ಲ. ಎರಡನೇ ಸಾಲಿನ ಒಂದು ನರಪಿಳ್ಳೆಯೂ ಅವಳ ಮಣ್ಣಿಗೆ ಬಂದಿರಲಿಲ್ಲ. ವೆಲಿಕಾಗೆ ದುಃಖಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವಳು ಬುಧವಾರ ಬೆಳಿಗ್ಗೆ ಆ ಮೂರು ಚಿತ್ರಗಳನ್ನು ತನ್ನ ಕಿವಿಯಿಂದಲೇ ಕೇಳಿದ್ದಳು. ಮೂರರಲ್ಲಿ ಒಂದು ಯೊಂಕಾ.

ನಲವತ್ತನೇ ದಿನ ಅಕ್ಟೋಬರಿನ ಒಂದು ಶನಿವಾರಕ್ಕೆ ಬೀಳುತ್ತಿತ್ತು. ಅವತ್ತು ಸಮಾಧಿಯ ಮುಂದೆ ಎರಡನೇ ಸಾಲು ನಿಂತಿರಬೇಕು. ಅವರು ಎಲ್ಲಿದ್ದಾರೋ ಗೊತ್ತಿಲ್ಲ. ಆದರೆ ಎಲ್ಲೇ ಇದ್ದರೂ ತನ್ನಂತೆಯೇ ಬೆಳಿಗ್ಗೆ ಬಸ್ಸಿನ ಹೊತ್ತಿಗಾಗಿ ಆ ಪುಟ ತೆರೆಯುತ್ತಾರೆಂಬ ನಂಬಿಕೆ ಅವಳಿಗಿತ್ತು. ಆ ಪುಟಕ್ಕೆ ಬಾಯಿ ಬಂದರೆ ಸಾಕು.

ಸೋಮವಾರ ಅವಳು ಪುರಸಭೆಗೆ ಹೋದಳು. ಅರ್ಜಿ, ಪ್ರಮಾಣಪತ್ರ, ಹುಟ್ಟು, ಸಾವು, ಎಲ್ಲಕ್ಕೂ ಅಲ್ಲಿ ಒಂದೇ ಕಿಟಕಿ. ಕಿಟಕಿಯ ಹಿಂದೆ ಇಪ್ಪತ್ತೇಳು ವರ್ಷದಿಂದ ತೆಮೆನುಗಾ ಎಂಬ ಹೆಂಗಸು. ಊರಿನ ದುಂಡು ಮೊಹರು ಅವಳ ಸುಪರ್ದಿನಲ್ಲಿದೆ. ಮೊಹರಿನ ಪೆಟ್ಟಿಗೆಯ ಕೀಲಿ ಅವಳ ಕೊರಳಲ್ಲಿ, ಶಿಲುಬೆಯ ಪಕ್ಕದಲ್ಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೊಹರು ಹಾಕದೆ ಕೊಟ್ಟ ಒಂದು ಕಾಗದದಿಂದಾಗಿ ಒಬ್ಬ ಮುದುಕ ಹಿಮದಲ್ಲಿ ಜಿಲ್ಲಾ ಕೇಂದ್ರಕ್ಕೆ ಮೂರು ಸಲ ಅಲೆದಿದ್ದನಂತೆ. ಅಂದಿನಿಂದ ಅವಳ ಕೈಯಿಂದ ಮೊಹರಿಲ್ಲದ ಕಾಗದ ಹೊರಗೆ ಹೋಗಿಲ್ಲ.

"ನಿಮ್ ವೆಬ್‌ಸೈಟಲ್ಲಿ ಹಾಕೋದನ್ನ ನನ್ನ ಯಂತ್ರ ಓದಲ್ಲ. ಬರೀ ಚಿತ್ರ ಅನ್ನತ್ತೆ," ಎಂದಳು ವೆಲಿಕಾ.

"ಚಿತ್ರ ಅಲ್ಲಮ್ಮಾ, ದಾಖಲೆ. ಟೈಪ್ ಮಾಡಿ, ಅಚ್ಚು ಹಾಕಿ, ಸಹಿ ಮಾಡಿಸಿ, ಮೊಹರು ಹೊಡೆದು, ಆಮೇಲೆ ಸ್ಕ್ಯಾನ್ ಮಾಡಿ ಹಾಕ್ತೀನಿ. ಮೊಹರಿನ ನೀಲಿ ಬಣ್ಣ ಕೂಡ ಎಷ್ಟು ಚೆನ್ನಾಗಿ ಬರತ್ತೆ ಗೊತ್ತಾ?"

"ಗೊತ್ತಿಲ್ಲ. ನನಗೆ ನೀಲಿ ಗೊತ್ತಿಲ್ಲ."

ತೆಮೆನುಗಾ ಕಾಗದಗಳನ್ನು ಜೋಡಿಸಿದಳು. "ಸಾವಿನ ಹಾಳೆಗೂ ನಾನು ಆವಕ ನಂಬರು ಕೊಟ್ಟು ಮೊಹರು ಹಾಕ್ತೀನಿ. ಇಲ್ಲಾಂದ್ರೆ ಯಾರು ಬೇಕಾದ್ರೂ ಯಾರನ್ನ ಬೇಕಾದ್ರೂ ಸಾಯಿಸಿ ವೆಬ್‌ಸೈಟಿಗೆ ಹಾಕ್ಬಹುದಲ್ಲ."

"ಅಕ್ಷರಾನೂ ಹಾಕಕ್ಕಾಗತ್ತಾ?"

ಉತ್ತರವಿಲ್ಲ. ವೆಲಿಕಾ ಕಾದಳು. ನಮ್ಮ ಜನ ಹೌದೆನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ಇಲ್ಲವೆನ್ನಲು ಮೇಲಕ್ಕೆತ್ತುತ್ತಾರೆ.

"ತಲೆ ಅಡ್ಡಕ್ಕೆ ಹೋಯ್ತೋ ಮೇಲಕ್ಕೆ ಹೋಯ್ತೋ ನನಗೆ ಹೆಂಗ್ ಗೊತ್ತಾಗ್ಬೇಕು? ಬಾಯಲ್ಲಿ ಹೇಳು ಮಾರಾಯ್ತಿ."

"ಆಗಲ್ಲ ಅಂದೆ. ಬೇಕಿದ್ರೆ ದೂರು ಕೊಡಿ. ಹದಿನಾಲ್ಕು ದಿನದಲ್ಲಿ ಉತ್ತರ ಬರತ್ತೆ."

ವೆಲಿಕಾ ದೂರು ಹೇಳಿ ಬರೆಸಿದಳು. ತೆಮೆನುಗಾ ಅದಕ್ಕೂ ಮೊಹರು ಹೊಡೆದಳು, ಠಪ್ಪೆಂದು.

ಹದಿನಾಲ್ಕನೇ ದಿನಕ್ಕೆ ಸರಿಯಾಗಿ ಉತ್ತರ ಮಿಂಚಂಚೆಯಲ್ಲಿ ಬಂತು. ಬಾಯಿಬಡುಕ ಓದಿದ: "ಚಿತ್ರ."

ವೆಲಿಕಾ ಎರಡು ನಿಮಿಷ ಕೂತಲ್ಲೇ ನಕ್ಕಳು. ಆಮೇಲೆ ಗೆಂಕೊನನ್ನು ಕರೆದಳು. ಆ ಭಾನುವಾರದಿಂದ ಅವನು ಕರೆಯುವ ಮೊದಲೇ ಬರುತ್ತಿದ್ದ, ಪಾಪ. ಕನ್ನಡಕ ಏರಿಸಿ ಕಚೇರಿಯ ದನಿಯಲ್ಲಿ ಓದಿದ:

"ಮಾನ್ಯ ಶ್ರೀಮತಿ ವೆಲಿಕಾ ಝ್ಲಾತೆವಾ ಅವರೇ, ಐರೋಪ್ಯ ಒಕ್ಕೂಟದ ನಿಯಮದಂತೆ ನಮ್ಮ ಜಾಲತಾಣವನ್ನು ದೃಷ್ಟಿದೋಷವುಳ್ಳವರೂ ಬಳಸಬಹುದೆಂದು ಈ ಮೂಲಕ ತಿಳಿಸಲಾಗಿದೆ. ಅಕ್ಷರ ದೊಡ್ಡದು ಮಾಡುವ ಗುಂಡಿಯನ್ನು ಮೇಲ್ಭಾಗದ ಬಲ ಮೂಲೆಯಲ್ಲಿ ಅಳವಡಿಸಲಾಗಿದ್ದು, ಅದರ ಮೇಲೆ ಕಣ್ಣಿನ ಚಿತ್ರವಿರುತ್ತದೆ. ವಿವರಗಳಿಗೆ ಜಾಲತಾಣದಲ್ಲಿರುವ ಘೋಷಣೆಯನ್ನು ಓದಿಕೊಳ್ಳತಕ್ಕದ್ದು."

"ಕುರುಡರಿಗೆ ಕಣ್ಣಿನ ಗುಂಡಿ. ಎಷ್ಟು ದೊಡ್ಡ ಅಕ್ಷರ ಮಾಡ್ತಾರಂತೆ? ಬೆಟ್ಟದಷ್ಟಾ?" ಎಂದಳು ವೆಲಿಕಾ. "ಇರಲಿ, ಆ ಘೋಷಣೆ ಓದಿಕೊಳ್ಳತಕ್ಕದ್ದು ಅಂದ್ರಲ್ಲ, ಓದಿಕೊಳ್ಳೋಣ."

ಘೋಷಣೆಯ ಪುಟ ತೆರೆದಳು. ಬಾಯಿಬಡುಕ ಹೇಳಿದ್ದನ್ನು ಕೇಳಿ ಗೆಂಕೊ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಂದು ನೋಡಿದ. "ಅಯ್ಯಯ್ಯೋ, ಇದಕ್ಕೂ ಮೊಹರು ಹೊಡೆದು ಸ್ಕ್ಯಾನ್ ಮಾಡಿದಾರಲ್ಲೇ," ಎಂದ.

ಮರುದಿನ, ಯೊಂಕಾ ಹೋಗಿ ಇಪ್ಪತ್ತೆರಡನೇ ದಿನ, ವೆಲಿಕಾ ಮತ್ತೆ ಕಿಟಕಿಯ ಮುಂದೆ ನಿಂತಳು. ಸಾಲಿನಲ್ಲಿ ಹತ್ತು ಹನ್ನೆರಡು ಜನರಿದ್ದರು. ಅವಳ ಫೋನಿನಲ್ಲೂ ಬಾಯಿಬಡುಕನಿದ್ದ. ದನಿಯನ್ನು ಪೂರ್ತಿ ಏರಿಸಿ, ಫೋನನ್ನು ಕಿಟಕಿಯ ಹಲಗೆಯ ಮೇಲಿಟ್ಟಳು.

"ಅಂಗವಿಕಲರಿಗೆ ಜಾಲತಾಣ ಸುಲಭವಾಗಿದೆ ಎಂಬ ಘೋಷಣೆ," ಎಂದು ಅರಚಿದ ಬಾಯಿಬಡುಕ. ಅದು ಪುಟದ ಹೆಸರು. ಆಮೇಲೆ ಒಂದು ಸಣ್ಣ ಬಿಡುವು. "ಚಿತ್ರ. ಪುಟದ ಕೊನೆ."

"ಇನ್ನೊಂದ್ಸಲ ಹಾಕಮ್ಮಾ, ನಮ್ಮೂರಿನ ಸುಲಭ ಇನ್ನೊಂದ್ಸಲ ಕೇಳೋಣ," ಎಂದ ಸಾಲಿನಲ್ಲಿದ್ದ ಒಬ್ಬ. ಜನ ಗೊಳ್ಳೆಂದು ನಕ್ಕರು.

ಕಿಟಕಿಯ ಹಿಂದೆ ಕುರ್ಚಿ ಸರಿದ ಸದ್ದು. ತೆಮೆನುಗಾಳ ದನಿ ನಡುಗುತ್ತಿತ್ತು. "ಜನರ ಮುಂದೆ ನನ್ನ ಮರ್ಯಾದೆ ಕಳೀಬೇಕಿತ್ತಾ? ಇಪ್ಪತ್ತೇಳು ವರ್ಷ ಒಂದು ತಪ್ಪಿಲ್ಲದೆ ಕೆಲಸ ಮಾಡಿದೀನಿ ನಾನು."

ವೆಲಿಕಾಗೆ ಅವಳನ್ನು ನಗೆಗೀಡು ಮಾಡುವ ಆಸೆ ಆ ಕ್ಷಣದವರೆಗೂ ಇತ್ತು. ಈಗ ಅದು ಇಳಿದುಹೋಯಿತು. ಕೆಲಸದ ಮೇಲೆ ಜಂಬ ಇರುವವರ ದನಿ ಅವಳಿಗೆ ಗೊತ್ತು. ಸ್ಕ್ರೂ ಸಡಿಲ ಎಂದು ಯಾರಾದರೂ ಅಂದರೆ ಅವಳೂ ಹೀಗೇ ನಡುಗುತ್ತಿದ್ದಳು.

"ನಿನ್ನ ಮರ್ಯಾದೆ ನನಗ್ಯಾಕಮ್ಮ? ಕೇಳು. ಯೊಂಕಾ ಸ್ಟಾಮೊವಾ ಅಂತ. ಹೋದ ತಿಂಗಳು ತೀರಿಕೊಂಡ್ಲು. ಮೂವತ್ತೊಂದು ವರ್ಷ ನನ್ನ ಎಡಗೈ ಪಕ್ಕದಲ್ಲಿ ಕೂತಿದ್ದೋಳು. ಅವಳ ಹಾಳೇನ ನಾನು ಬಾಗಿಲಲ್ಲಿ ಕೈಯಾರೆ ಮುಟ್ಟಿದೀನಿ, ನಿಮ್ ಪುಟದಲ್ಲಿ ಕಿವಿಯಾರೆ ಕೇಳಿದೀನಿ, ಆದ್ರೂ ಭಾನುವಾರ ಫೋನ್ ಮಾಡಿ ಮಲಗಿದಾಳಾ ಅಂತ ಕೇಳಿದೀನಿ. ನಲವತ್ತಕ್ಕೆ ನಮ್ಮೋರು ಬರ್ಬೇಕು. ಅಷ್ಟೇ ನನಗೆ ಬೇಕಾಗಿರೋದು."



"ಯೊಂಕಾ ಸ್ಟಾಮೊವಾ," ಎಂದಳು ತೆಮೆನುಗಾ. "ಮಗಳು ಬಂದು ಹೇಳಿದ್ಲು, ನಾನೇ ಟೈಪ್ ಮಾಡಿದ್ದು. ಎಲ್ಲಾ ನಾನೇ ಟೈಪ್ ಮಾಡೋದು."

"ಟೈಪ್ ಮಾಡಿದ್ದು ಎಲ್ಲಿ ಹೋಯ್ತು?"

"ಅಚ್ಚು ಹಾಕಿ ಮೊಹರು ಹೊಡೆದ್ಮೇಲೆ ಅಳಿಸ್ತೀನಿ. ಕರಡು ಇಟ್ಕೋಬಾರ್ದು ಅಂತ ಆದೇಶ ಇದೆ."

"ಅಂದ್ರೆ ಬುಧವಾರ ನಿನ್ನ ಹತ್ರ ಅಕ್ಷರ ಇತ್ತು. ನನಗೆ ಬೇಕಾಗಿದ್ದ ಅಕ್ಷರಾನೇ. ಅದನ್ನ ಅಳಿಸಿ ಫೋಟೊ ಹಾಕಿದೆ."

ತೆಮೆನುಗಾ ತಲೆ ಅಡ್ಡಕ್ಕೆ ಆಡಿಸಿದಳೋ ಏನೋ. ಆಮೇಲೆ ನೆನಪಾಗಿ ಬಾಯಲ್ಲಿ ಹೇಳಿದಳು: "ಹೌದು."

ಆ ಸಂಜೆ ಕಚೇರಿ ಖಾಲಿಯಾದ ಮೇಲೆ ತೆಮೆನುಗಾ ತನ್ನ ಫೋನಿನಲ್ಲಿ ಓದುವ ದನಿಯನ್ನು ಹುಡುಕಿ ಹಚ್ಚಿ, ಕಣ್ಣು ಮುಚ್ಚಿಕೊಂಡು, ತನ್ನದೇ ಕಿಟಕಿ ಎಷ್ಟು ಹೊತ್ತಿಗೆ ತೆರೆಯುತ್ತದೆಂದು ತನ್ನದೇ ಜಾಲತಾಣದಲ್ಲಿ ತಿಳಿಯಲು ಹೊರಟಳಂತೆ. ಅರ್ಧ ಗಂಟೆ ಒದ್ದಾಡಿದರೂ ಸಿಗಲಿಲ್ಲವಂತೆ. ಅದೂ ಮೊಹರು ಹೊಡೆದ ಚಿತ್ರವೇ. ಇದನ್ನು ಮುಂದೆ ಒಂದು ದಿನ ಅವಳೇ ವೆಲಿಕಾಗೆ ಹೇಳಿದಳು, ನಗುತ್ತಾ ಅಲ್ಲ.

ಬೇರೆ ಯಾರಾದರೂ ಆಗಿದ್ದರೆ ಮೇಲಿನವರ ಅನುಮತಿ ಕೇಳಿ, ಅನುಮತಿಗೊಂದು ಸಮಿತಿಯಾಗಿ, ಸಮಿತಿಗೆ ಚಹಾ ತರಿಸಿ, ಯೊಂಕಾಳ ವರ್ಷಾಬ್ದಿಕವೂ ಕಳೆದುಹೋಗುತ್ತಿತ್ತು. ತೆಮೆನುಗಾಗೆ ತನ್ನ ಕಚೇರಿಯ ನಾಡಿ ಗೊತ್ತಿತ್ತು. ಅವಳು ತಾನೇ ಒಂದು ಜ್ಞಾಪನ ಟೈಪ್ ಮಾಡಿದಳು: ಇನ್ನು ಮುಂದೆ ಕರಡನ್ನು 'ಎರಡನೇ ಮೂಲಪ್ರತಿ' ಎಂದು ಪರಿಗಣಿಸತಕ್ಕದ್ದು, ಎರಡನೇ ಮೂಲಪ್ರತಿಯನ್ನು ಅಳಿಸತಕ್ಕದ್ದಲ್ಲ, ಅದನ್ನು ಮೊಹರಿನ ಪ್ರತಿಯ ಕೆಳಗೆ ಅಕ್ಷರರೂಪದಲ್ಲಿ ಪ್ರಕಟಿಸತಕ್ಕದ್ದು, ಯಾವುದೇ ಚಿತ್ರವಿದ್ದಲ್ಲಿ ಅದರಲ್ಲೇನಿದೆ ಎಂಬುದನ್ನು ಮಾತಿನಲ್ಲಿ ಬರೆಯತಕ್ಕದ್ದು. ಸಹಿಗೂ ಮುಂಚೆಯೇ ದುಂಡು ಮೊಹರು ಹೊಡೆದಳು. ಆ ಮುದುಕನ ಕಾಗದದ ನಂತರ ಅವಳು ಮೊದಲ ಸಲ ಕ್ರಮ ತಪ್ಪಿದ್ದು ಅದು. ಮೊಹರು ಬಿದ್ದಾಗಿದೆ ಎಂದ ಮೇಲೆ ಕಾರ್ಯದರ್ಶಿ ಓದುವ ಗೋಜಿಗೆ ಹೋಗಲಿಲ್ಲ, ಸಹಿ ಹಾಕಿ ಊಟಕ್ಕೆ ನಡೆದ.

ವೆಲಿಕಾಗೆ ಫೋನು ಬಂತು. "ಆಯ್ತು. ನಲವತ್ತರ ಹಾಳೆ ಬರೆಸೋಕೆ ಯಾವಾಗ ಬರ್ತೀರಿ?"

ವೆಲಿಕಾ ಮಿರೆಲಾಳನ್ನು ಕರೆದುಕೊಂಡು ಹೋದಳು. ಮಿರೆಲಾ ಫೋಟೊ ತಂದಿದ್ದಳು, ತಾಯಿ ಕಾರ್ಖಾನೆಯಲ್ಲಿದ್ದಾಗಿನದು. ಮನೆಯವರ ಹೆಸರಿನಲ್ಲಿ ಒಂದು ಹಾಳೆ ಆಯಿತು. ಆಮೇಲೆ ವೆಲಿಕಾ ಗಂಟಲು ಸರಿಮಾಡಿಕೊಂಡು ಎರಡನೇ ಸಾಲಿನ ಪರವಾಗಿ ಇನ್ನೊಂದನ್ನು ಹೇಳಿ ಬರೆಸಿದಳು. ಫೋಟೊ ಎರಡಕ್ಕೂ ಅದೇ. ತೆಮೆನುಗಾ ಒಂದು ಮಾತೂ ಆಡದೆ ಟೈಪ್ ಮಾಡಿದಳು. ಮೊಹರು ಹೊಡೆಯುವಾಗ ಮಾತ್ರ "ಇದನ್ನ ಬಿಡೋಕಾಗಲ್ಲ, ಕ್ಷಮಿಸಿ," ಎಂದಳು.

"ಹೊಡಿ ಹೊಡಿ. ನಿನ್ನ ಮೊಹರು ನನಗೇನು ಅಡ್ಡ ಬಂತು?" ಎಂದಳು ವೆಲಿಕಾ.

ನಾಲ್ಕು ನಂಬರಿನವರಿಗೆ ಅವಳು ಮೊದಲೇ ಹೇಳಿದ್ದಳು. ಮಿಕ್ಕವರ ವಿಷಯ ಪುಟದ ಮೇಲೆ ಬಿಟ್ಟದ್ದು. ಅವರು ತೆರೆಯುತ್ತಾರೋ ಇಲ್ಲವೋ, ಚಿತ್ರ ಎಂಬ ಮಾತು ಕೇಳಿ ಕೇಳಿ ಎಂದೋ ಕೈಬಿಟ್ಟಿದ್ದಾರೋ, ಯಾರಿಗೆ ಗೊತ್ತು. ಹಾಳೆ ಪುಟಕ್ಕೆ ಬರುವ ಹಿಂದಿನ ದಿನ, ಮಂಗಳವಾರ, ಅವಳಿಗೆ ಊಟ ರುಚಿಸಲಿಲ್ಲ.

ಬುಧವಾರ ಬೆಳಿಗ್ಗೆ ಪುಟ ತೆರೆದಳು. ಬಾಯಿಬಡುಕ ಎಂದಿನಂತೆ ಯಾವ ಭಾವವೂ ಇಲ್ಲದೆ ಶುರುಮಾಡಿದ. ಅವನಿಗೆ ಮದುವೆಯೂ ಒಂದೇ ಮಸಣವೂ ಒಂದೇ.

"ನಲವತ್ತು ದಿನ. ಯೊಂಕಾ ಸ್ಟಾಮೊವಾ. ಎರಡನೇ ಸಾಲಿನ ಮೇಜಿನವಳು. ಮೂವತ್ತೊಂದು ವರ್ಷ ನಮಗಾಗಿ ಬಾಗಿಲ ಮೇಲಿನ ಹಾಳೆಗಳನ್ನು ಓದಿದಳು. ಅವಳ ಹಾಳೆಯನ್ನು ನಾವು ಓದಲಾಗಲಿಲ್ಲ. ಶನಿವಾರ ಹನ್ನೊಂದು ಗಂಟೆಗೆ ಹಳೆಯ ಸ್ಮಶಾನದ ಕೆಳಗಿನ ಗೇಟಿನ ಬಳಿ ಸೇರೋಣ."

ತಾನೇ ಹೇಳಿ ಬರೆಸಿದ ಮಾತು, ಆದರೂ ವೆಲಿಕಾ ಕೊನೆಯವರೆಗೂ ಕೇಳಿದಳು. ಮುಗಿಯಿತೆಂದು ಅವಳು ಕೈ ಎತ್ತುವಷ್ಟರಲ್ಲಿ ಬಾಯಿಬಡುಕ ಮುಂದುವರಿಸಿದ. ಇದನ್ನು ಅವಳು ಬರೆಸಿರಲಿಲ್ಲ.

"ಚಿತ್ರ. ಐವತ್ತರ ಆಸುಪಾಸಿನ ಹೆಂಗಸು. ಕೆಲಸದ ನಿಲುವಂಗಿ, ದಪ್ಪ ಕನ್ನಡಕ. ಏನನ್ನೋ ಓದಲು ಹೊರಟವಳಂತೆ ಕತ್ತು ಮುಂದೆ ಚಾಚಿದ್ದಾಳೆ. ನಗು ತಡೆದುಕೊಂಡಿದ್ದಾಳೆ, ತಡೆಯಲಾಗಿಲ್ಲ. ಎಡಗೆನ್ನೆಯಲ್ಲಿ ಆಳವಾದ ಗುಳಿ ಬಿದ್ದಿದೆ."

ವೆಲಿಕಾ ಅದನ್ನು ಮತ್ತೆ ಹಾಕಿದಳು. ಮತ್ತೊಂದು ಸಲ ಹಾಕಿದಳು. ಕನ್ನಡಕ ಗೊತ್ತಿತ್ತು, ಅದರ ಡಬ್ಬಿಯ ಟಪ್ಪೆನ್ನುವ ಸದ್ದು ಗೊತ್ತಿತ್ತು. ಕತ್ತು ಚಾಚುವುದೂ ಊಹೆಯಲ್ಲಿತ್ತು. ಅವಳ ಉಸಿರು, ಅವಳ ಕೆಮ್ಮು, ಸಿಟ್ಟು ಬಂದಾಗ ಸ್ಕ್ರೂ ತಿರುಗಿಸುವ ಬಗೆ, ಎಲ್ಲ ಗೊತ್ತಿತ್ತು. ಗುಳಿ ಗೊತ್ತಿರಲಿಲ್ಲ. ಕೂತಲ್ಲೇ ಅವಳು ಗಟ್ಟಿಯಾಗಿ ಅತ್ತಳು, ಯೊಂಕಾ ಹೋದ ಮೇಲೆ ಮೊದಲ ಸಲ.

ಶನಿವಾರ ಬಿಸಿಲಿತ್ತು. ಗೆಂಕೊ ಅವಳನ್ನು ಗೇಟಿನವರೆಗೆ ಕೈಹಿಡಿದು ಕರೆತಂದ. ಮಿರೆಲಾ ಸತ್ತವರ ಹೆಸರಿನಲ್ಲಿ ಹಂಚಲು ಸಕ್ಕರೆ, ಅಕ್ರೋಟು ಬೆರೆಸಿ ಬೇಯಿಸಿದ ಗೋಧಿಯ ಪಾತ್ರೆ ಹಿಡಿದು ನಿಂತಿದ್ದಳು. ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಜಲ್ಲಿಯ ಮೇಲೆ ಕೋಲು ತಟ್ಟುವ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು ಕೋಲು. ಆಮೇಲೆ ಒಟ್ಟಿಗೆ ಎರಡು ಮೂರು. ನಾಲ್ವರು ತಾನು ಕರೆದವರು. ಉಳಿದ ಹೆಜ್ಜೆಗಳು ಯಾರವೆಂದು ವೆಲಿಕಾ ಕಿವಿಗೊಟ್ಟು ಕೇಳಿದಳು.

"ಯಾರದು, ವೆಲಿಕಾನಾ? ಇನ್ನೂ ಅದೇ ಕೊಳಕು ಸೋಪಿನ ವಾಸನೆ," ಎಂದಿತು ಒಂದು ದನಿ. ದಾಂಚೊ, ಮೂವತ್ತು ಕಿಲೋಮೀಟರು ದೂರದ ಹಳ್ಳಿಯಲ್ಲಿ ತಂಗಿಯ ಮನೆ ಸೇರಿದವನು. ಎಂಟು ವರ್ಷದಿಂದ ಅವನ ಸುದ್ದಿಯಿರಲಿಲ್ಲ.

"ನಿನಗೆ ಹೆಂಗೋ ಗೊತ್ತಾಯ್ತು?"

"ಬಸ್ಸಿನ ಹೊತ್ತು ನೋಡೋಣ ಅಂತ ತೆಗೆದೆ. ಇದ್ದಕ್ಕಿದ್ದಂಗೆ ಯೊಂಕಾ ಅಂತು. ಕೈಯಲ್ಲಿದ್ದ ಲೋಟ ಬಿಟ್ಟೆ." ಅವನು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಅಲ್ಲಾ ವೆಲಿಕಾ, ಆ ಗುಳಿ ವಿಷಯ ನಿನಗೆ ಮೊದಲೇ ಗೊತ್ತಿತ್ತೇನೇ?"

"ಇಲ್ಲ ಕಣೋ."

"ನನಗೂ ಇಲ್ಲ," ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ. "ಅವಳ ಬಾಯಿ ಬಿಟ್ರೆ ಬೇರೇನೂ ಇಲ್ಲ ಅಂದ್ಕೊಂಡಿದ್ದೆ."

ಎಲ್ಲರೂ ನಕ್ಕರು, ಸ್ಮಶಾನವೆಂದು ನೋಡದೆ ನಕ್ಕರು. ಒಬ್ಬರ ಭುಜದ ಮೇಲೆ ಒಬ್ಬರು ಕೈಯಿಟ್ಟು, ಮುಂದೆ ಗೆಂಕೊ, ಹಿಂದೆ ಎರಡನೇ ಸಾಲು, ಹೀಗೆ ಸಮಾಧಿಯವರೆಗೆ ಹೋದರು. ಒಟ್ಟು ಹನ್ನೊಂದು ಜನ. ಸ್ವಲ್ಪ ದೂರದಲ್ಲಿ ಇನ್ನೊಬ್ಬಳು ನಿಂತಿದ್ದಾಳೆಂದು ಗೆಂಕೊ ವೆಲಿಕಾಳ ಕಿವಿಯಲ್ಲಿ ಹೇಳಿದ. ಕೊರಳಲ್ಲಿ ಕೀಲಿ ಕಟ್ಟಿಕೊಂಡವಳು, ಕೈಯಲ್ಲಿ ಹೂವಿದೆ, ಹತ್ತಿರ ಬರಲು ಹಿಂಜರಿಯುತ್ತಿದ್ದಾಳೆ ಎಂದ.

"ಬಾ ಅನ್ನು. ಗೋಧಿ ಎಲ್ಲರಿಗೂ ಇದೆ."

ಮಿರೆಲಾ ವೈನಿನ ಮೊದಲ ಗುಟುಕನ್ನು ಮಣ್ಣಿಗೆ ಸುರಿದು ಬಾಟಲಿಯನ್ನು ವೆಲಿಕಾಳ ಕೈಗೆ ಕೊಟ್ಟಳು. ವೆಲಿಕಾ ಬಗ್ಗಿ ಸಮಾಧಿಯ ಕಲ್ಲನ್ನು ತಡವಿದಳು. ಕೊರೆದ ಹೆಸರು ಬೆರಳಿಗೆ ಸಿಕ್ಕಿತು, ಅದರ ಮೇಲೆ ಫೋಟೊದ ನುಣ್ಣನೆಯ ಗಾಜು ಸಿಕ್ಕಿತು. ಗುಳಿಯಿರುವುದು ಗಾಜಿನ ಎಡಕ್ಕೋ ಬಲಕ್ಕೋ ತಿಳಿಯದೆ ಎರಡೂ ಕಡೆ ಹೆಬ್ಬೆರಳಾಡಿಸಿದಳು.

"ಊರಿನವರ ಹುಬ್ಬು, ಮೀಸೆ, ಟೈ ಎಲ್ಲಾ ನನಗೆ ಓದಿ ಹೇಳಿದೆ," ಎಂದಳು. "ನಿನ್ನ ಗುಳಿ ಒಂದನ್ನ ಮಾತ್ರ ಮೂವತ್ತೊಂದು ವರ್ಷ ಮುಚ್ಚಿಟ್ಟೆಯಲ್ಲೇ, ಕಳ್ಳಿ."

ಬಾಟಲಿಯಿಂದ ಮಣ್ಣಿಗೆ ಸ್ವಲ್ಪ ಸುರಿದು, ತಾನೊಂದು ಗುಟುಕು ಕುಡಿದು, ಅದನ್ನು ದಾಂಚೊನ ಕೈಗೆ ದಾಟಿಸಿದಳು.